ಗಿಡದ ಹಾಲು ಗಾಯಕ್ಕೆ ಮದ್ದಾಗಬಲ್ಲದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಎಕ್ಕ, ಕಳ್ಳಿ, ಪಪ್ಪಾಯಿ, ಮರಹರಳು, ಹಲಸು, ರಬ್ಬರ್ ಮುಂತಾದ ಗಿಡಮರಗಳ ಹಾಲಿನ ಬಗ್ಗೆ ತರಗತಿಗಳಲ್ಲಿ, ರೈತರ ಸಭೆಗಳಲ್ಲಿ, ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಸರಳವಾದವು ಮೊದಲಿಗಿವೆ, ಪ್ರಯೋಗಾಲಯಕ್ಕೆ ಸಂಬಂಧಿಸಿದವು ಕೊನೆಗಿವೆ. ಗಾಯ ಈಗಲೇ ಆಗಿದ್ದು ಓದುತ್ತಿದ್ದರೆ ನೇರವಾಗಿ ‘ಎಚ್ಚರಿಕೆ’ ಭಾಗಕ್ಕೆ ಹೋಗಿ.

## ಮೊದಲ ಪರಿಚಯ

ಗಿಡ ಮುರಿದರೆ ಬರುವ ಹಾಲು ಏನು? ಅದು ಗಿಡದ ರಕ್ತವೇ?

ಅಲ್ಲ. ಗಿಡದಲ್ಲಿ ನೀರು ಮತ್ತು ಆಹಾರ ಸಾಗುವ ನಾಳಗಳೇ ಬೇರೆ, ಹಾಲು ತುಂಬಿರುವ ನಾಳಗಳೇ ಬೇರೆ. ಹಾಲಿನ ನಾಳಗಳು ಎಲೆ, ಕಾಂಡ, ಕಾಯಿಗಳ ಉದ್ದಕ್ಕೂ ಹರಡಿರುವ ಸಜೀವ ಕೋಶಗಳು. ಅವುಗಳೊಳಗಿನ ದ್ರವ ಒತ್ತಡದಲ್ಲಿ ಇರುವುದರಿಂದ ಎಲೆಯ ತೊಟ್ಟು ಮುರಿದ ಕೂಡಲೇ ಚಿಮ್ಮಿ ಬರುತ್ತದೆ. ಹೂಬಿಡುವ ಸಸ್ಯಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರಭೇದಗಳು ಇಂಥ ಹಾಲನ್ನು ತಯಾರಿಸುತ್ತವೆ.

ಇದು ಗಿಡದ ಆತ್ಮರಕ್ಷಣೆಯ ಸಾಧನ. ಕಂಬಳಿಹುಳ ಕಚ್ಚಿದರೆ ಹಾಲು ಅದರ ಬಾಯಿಗೆ ಮೆತ್ತಿಕೊಳ್ಳುತ್ತದೆ, ಹಾಲಿನ ವಿಷ ಹೊಟ್ಟೆ ಸೇರುತ್ತದೆ. ಆಮೇಲೆ ಅದೇ ಹಾಲು ಒಣಗಿ ಗಿಡದ ಗಾಯವನ್ನು ಮುಚ್ಚುತ್ತದೆ. ಎಕ್ಕದ ಎಲೆ ತಿಂದು ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆಯ ಮರಿಯನ್ನು ಗಮನಿಸಿ ನೋಡಿ. ಅದು ಎಲೆಯನ್ನು ತಿನ್ನುವ ಮೊದಲು ಎಲೆಯ ನರವನ್ನು ಕಡಿದು, ಹಾಲು ಸೋರಿಹೋಗಲು ಬಿಟ್ಟು, ಆಮೇಲೆ ಕಡಿತದಿಂದಾಚೆಯ ಭಾಗಕ್ಕೆ ಬಾಯಿ ಹಾಕುತ್ತದೆ. ಆ ವಿಷ ಸಹಿಸಬಲ್ಲ ಹುಳುವೂ ಇಷ್ಟು ಜಾಗರೂಕವಾಗಿರುವ ದ್ರವವನ್ನು ನಾವು ತೆರೆದ ಗಾಯಕ್ಕೆ ಹಚ್ಚುತ್ತಿದ್ದೇವೆ ಎಂಬುದು ನೆನಪಿನಲ್ಲಿರಲಿ.

ಮಾವಿನ ಸೊನೆ, ನುಗ್ಗೆ ಮರದ ಅಂಟು, ಹಲಸಿನ ಮೇಣ ಎಲ್ಲವೂ ಒಂದೇ ಅಲ್ಲವೇ?

ಮೂರೂ ಬೇರೆ ಬೇರೆ. ಹಲಸಿನ ಮೇಣ ನಿಜವಾದ ಸಸ್ಯಹಾಲು. ಅದರಲ್ಲಿ ರಬ್ಬರಿನಂಥ ಕಣಗಳಿವೆ. ನೀರಿಗೆ ಬಿಡದ ಮೇಣ ಕೊಬ್ಬರಿ ಎಣ್ಣೆಗೆ ಬಿಡುವುದು ಅದಕ್ಕಾಗಿಯೇ. ಹಲಸು ಹೆಚ್ಚುವ ಮುನ್ನ ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುವುದು ಒಳ್ಳೆಯ ರಸಾಯನಶಾಸ್ತ್ರ. ಮಾವಿನ ಸೊನೆ ರಾಳದ ನಾಳಗಳಿಂದ ಬರುತ್ತದೆ. ಅದರಲ್ಲಿರುವ ಎಣ್ಣೆಯಂಥ ಅಂಶಗಳು ತುಟಿಯ ಸುತ್ತ ಗುಳ್ಳೆ ಎಬ್ಬಿಸುತ್ತವೆ. ಗೇರುಬೀಜದ ಸಿಪ್ಪೆಯ ಎಣ್ಣೆಯೂ ಅದೇ ಕುಲದ್ದು, ಇನ್ನಷ್ಟು ತೀಕ್ಷ್ಣವಾದದ್ದು. ನುಗ್ಗೆಯ ಅಂಟು ನೀರಿನಲ್ಲಿ ಉಬ್ಬುವ ಸಕ್ಕರೆ ಜಾತಿಯ ವಸ್ತು. ಇಲ್ಲಿನ ಉತ್ತರಗಳು ನಿಜವಾದ ಸಸ್ಯಹಾಲಿಗೆ ಮಾತ್ರ ಅನ್ವಯಿಸುತ್ತವೆ.

ಹಾಲಿನಲ್ಲಿ ಗಾಯಕ್ಕೆ ಉಪಯೋಗವಾಗುವ ಅಂಶ ಯಾವುದು?

ಒಂದೇ ಅಂಶವಲ್ಲ, ಗಿಡಕ್ಕೆ ತಕ್ಕಂತೆ ಬದಲಾಗುತ್ತದೆ. ಪಪ್ಪಾಯಿ, ಎಕ್ಕ, ಅಂಜೂರಗಳ ಹಾಲಿನಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಮುಖ್ಯ. ಪಪ್ಪಾಯಿಯ ಪಪೇನ್, ಅಂಜೂರದ ಫೈಸಿನ್, ಮರಹರಳಿನ ಕರ್ಕೇನ್ ಈ ಗುಂಪಿನವು. ಅಮೆಜಾನ್ ಕಾಡಿನ ಕ್ರೋಟಾನ್ ಮರದ ಕೆಂಪು ಹಾಲಿನಲ್ಲಿ ಒಗರು ಕೊಡುವ ಟ್ಯಾನಿನ್ ಜಾತಿಯ ಸಂಯುಕ್ತಗಳು ಮತ್ತು ಟ್ಯಾಸ್ಪೀನ್ ಎಂಬ ಆಲ್ಕಲಾಯ್ಡ್ ಇವೆ. ರಬ್ಬರ್ ಹಾಲಿನಲ್ಲಿ ಹೊಸ ರಕ್ತನಾಳಗಳ ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನ್ ಭಾಗವೊಂದನ್ನು ಗುರುತಿಸಲಾಗಿದೆ.

ಇವುಗಳ ಜೊತೆಗೇ ಅದೇ ಹನಿಯಲ್ಲಿ ಬೇಡದವೂ ಇವೆ. ಎಕ್ಕದಲ್ಲಿ ಹೃದಯದ ಬಡಿತವನ್ನೇ ಕೆಡಿಸಬಲ್ಲ ಕಾರ್ಡಿನೋಲೈಡ್ ವಿಷಗಳು, ಕಳ್ಳಿಗಳಲ್ಲಿ ಚರ್ಮ ಸುಡುವ ಡೈಟರ್ಪೀನ್‌ಗಳು. ಈ ಕ್ಷೇತ್ರದ ಅರ್ಧ ಕೆಲಸ ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸುವುದು.

## ಗಾಯದ ಮೇಲೆ ನಡೆಯುವುದೇನು?

ಕುಡಗೋಲು ತಾಗಿದಾಗ ಮರಹರಳಿನ ಹಾಲು ಹಚ್ಚಿದರೆ ರಕ್ತ ನಿಲ್ಲುವುದನ್ನು ಕಣ್ಣಾರೆ ಕಂಡಿದ್ದೇವೆ. ಅದೂ ಸುಳ್ಳು ಎನ್ನುತ್ತೀರಾ?

ಸುಳ್ಳಲ್ಲ. ಹಳ್ಳಿಯವರು ಕಂಡದ್ದನ್ನು ಪ್ರಯೋಗಾಲಯವೂ ಕಂಡಿದೆ. ರಕ್ತ ಹೆಪ್ಪುಗಟ್ಟುವಾಗ ನಮ್ಮ ದೇಹದ ಥ್ರಾಂಬಿನ್ ಎಂಬ ಕಿಣ್ವ ಫೈಬ್ರಿನೋಜೆನ್ ಎಂಬ ಪ್ರೋಟೀನನ್ನು ಕತ್ತರಿಸಿ ಫೈಬ್ರಿನ್ ಎಳೆಗಳನ್ನು ಮಾಡುತ್ತದೆ. ಆ ಎಳೆಗಳ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಂಡು ಹೆಪ್ಪಾಗುತ್ತದೆ. ಕೆಲವು ಸಸ್ಯಹಾಲುಗಳ ಕಿಣ್ವಗಳು ಥ್ರಾಂಬಿನ್ ಮಾಡುವ ಕೆಲಸವನ್ನೇ ಮಾಡುತ್ತವೆ.

ಇದರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜೀವರಸಾಯನ ವಿಜ್ಞಾನಿಗಳ ಕೆಲಸ ಮಹತ್ವದ್ದು. 2005ರಲ್ಲಿ ಅವರು ಎಕ್ಕದ ಹಾಲಿನ ಬಗ್ಗೆ, ನಂತರದ ವರ್ಷಗಳಲ್ಲಿ ಅದೇ ಬಳಗದ ಇತರ ಗಿಡಗಳ ಬಗ್ಗೆ ಪ್ರಕಟಿಸಿದ ಪ್ರಬಂಧಗಳು ಒಂದು ವಿಚಿತ್ರವನ್ನು ತೋರಿಸಿದವು. ಹಾಲಿನ ಕಿಣ್ವಗಳು ಮೊದಲು ರಕ್ತವನ್ನು ಹೆಪ್ಪುಗಟ್ಟಿಸುತ್ತವೆ. ಆಮೇಲೆ ಅವೇ ಆ ಹೆಪ್ಪನ್ನು ಕರಗಿಸಲೂಬಲ್ಲವು. ಬೇಲಿಯ ಮೇಲೆ ಹಬ್ಬುವ ಹಾಲುಕೊರಟಿಗೆಯ ಜಾತಿಯ ಬಳ್ಳಿಯೊಂದರ ಹಾಲಿನಿಂದ ಇಂಥ ಥ್ರಾಂಬಿನ್ ಗುಣದ ಒಂದು ಕಿಣ್ವವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ 2010ರಲ್ಲಿ ವಿವರಿಸಿದರು. ಬೇಲಿಯ ಗಿಡಗಳನ್ನು ಇಷ್ಟು ಶ್ರದ್ಧೆಯಿಂದ ನೋಡಿದ ಈ ಕೆಲಸ ನಮ್ಮಲ್ಲಿ ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕು.

ಮರಹರಳಿನ ಬಗ್ಗೆ 2003ರಲ್ಲಿ ನೈಜೀರಿಯಾದಿಂದ ಬಂದ ಅಧ್ಯಯನ ಇನ್ನೂ ನೇರವಾಗಿದೆ. ನೀರು ಬೆರೆಸದ ಹಾಲು ರಕ್ತ ಹೆಪ್ಪುಗಟ್ಟುವ ಸಮಯವನ್ನು ಕಡಿಮೆ ಮಾಡಿತು. ಬಹಳ ತೆಳುವಾಗಿಸಿದ ಹಾಲು ಅದೇ ಸಮಯವನ್ನು ಹೆಚ್ಚಿಸಿತು. ಅಂದರೆ ಒಂದೇ ಗಿಡದ ಹಾಲು ಪ್ರಮಾಣಕ್ಕೆ ತಕ್ಕಂತೆ ರಕ್ತ ನಿಲ್ಲಿಸಲೂಬಹುದು, ಹರಿಸಲೂಬಹುದು. ಗದ್ದೆಯ ಬದುವಿನಲ್ಲಿ ನಿಂತು ಎಲೆ ಮುರಿಯುವವರಿಗೆ ಆ ಪ್ರಮಾಣ ಅಳೆಯಲು ಸಾಧ್ಯವಿಲ್ಲ. ಇನ್ನೂ ಒಂದು ಮಾತು: ಬೆರಳಿನ ಸಣ್ಣ ಗಾಯದ ರಕ್ತ ಏನೂ ಹಚ್ಚದಿದ್ದರೂ ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಲ್ಲುತ್ತದೆ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದರೆ ಇನ್ನೂ ಬೇಗ ನಿಲ್ಲುತ್ತದೆ.

ರಕ್ತ ನಿಂತ ಮೇಲೆ ಗಾಯ ಮಾಯಿತೆಂದೇ ಅರ್ಥವಲ್ಲವೇ?

ರಕ್ತ ನಿಲ್ಲುವುದು ಮೊದಲ ಹಂತ ಮಾತ್ರ. ನಂತರದ ಕೆಲವು ದಿನ ಬಿಳಿ ರಕ್ತಕಣಗಳು ಬಂದು ಸೂಕ್ಷ್ಮಜೀವಿಗಳನ್ನೂ ಸತ್ತ ಕೋಶಗಳನ್ನೂ ತೆಗೆಯುತ್ತವೆ; ಗಾಯದ ಸುತ್ತ ಕೆಂಪಾಗಿ ಬಿಸಿಯಾಗುವುದು ಆಗಲೇ. ಆಮೇಲೆ ಫೈಬ್ರೊಬ್ಲಾಸ್ಟ್ ಕೋಶಗಳು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ನೇಯುತ್ತವೆ, ಹೊಸ ರಕ್ತನಾಳಗಳು ಚಿಗುರುತ್ತವೆ, ಅಂಚಿನಿಂದ ಚರ್ಮದ ಕೋಶಗಳು ತೆವಳಿಕೊಂಡು ಬಂದು ಮೇಲ್ಮೈ ಮುಚ್ಚುತ್ತವೆ. ಕೊನೆಯ ಹಂತದಲ್ಲಿ ಕೊಲಾಜೆನ್‌ನ ಮರುಜೋಡಣೆ ತಿಂಗಳುಗಟ್ಟಲೆ ನಡೆಯುತ್ತದೆ. ಆಗಲೂ ಕಲೆಯಾದ ಜಾಗಕ್ಕೆ ಮೊದಲಿನ ಚರ್ಮದ ಬಲದಲ್ಲಿ ಹೆಚ್ಚೆಂದರೆ ಶೇ 80ರಷ್ಟು ಮಾತ್ರ ಮರಳುತ್ತದೆ.

ಒಂದು ವಸ್ತು ‘ಗಾಯ ಮಾಯಿಸುತ್ತದೆ’ ಎಂದು ಯಾರಾದರೂ ಹೇಳಿದರೆ ಯಾವ ಹಂತದಲ್ಲಿ ಎಂದು ಕೇಳಬೇಕು. ಸತ್ತ ಅಂಗಾಂಶ ತೆಗೆಯುವ ಪಪೇನ್ ಎರಡನೆಯ ಹಂತಕ್ಕೆ ನೆರವಾಗಬಹುದು. ಮೂರನೆಯ ಹಂತದಲ್ಲಿ ಅದನ್ನೇ ಮುಂದುವರಿಸಿದರೆ ಆಗತಾನೇ ನೇಯ್ದ ಎಳೆಗಳಿಗೆ ತೊಂದರೆಯಾಗಬಹುದು.

ಪಪ್ಪಾಯಿ ಹಾಲು ಸತ್ತ ಚರ್ಮವನ್ನು ತಿನ್ನುತ್ತದೆ ಎನ್ನುತ್ತಾರೆ. ಹಾಗಾದರೆ ಒಳ್ಳೆಯ ಚರ್ಮವನ್ನು ಏಕೆ ಬಿಡುತ್ತದೆ?

ಪೂರ್ತಿಯಾಗಿ ಬಿಡುವುದಿಲ್ಲ. ಜೀವಂತ ಅಂಗಾಂಶದಲ್ಲಿ ಮತ್ತು ರಕ್ತದಲ್ಲಿ ಸಿಸ್ಟಾಟಿನ್‌ಗಳು, ಆಲ್ಫಾ-2 ಮ್ಯಾಕ್ರೊಗ್ಲಾಬ್ಯುಲಿನ್ ಎಂಬ ತಡೆಗಾರ ಪ್ರೋಟೀನ್‌ಗಳಿವೆ. ಅವು ಇಂಥ ಕಿಣ್ವಗಳನ್ನು ಹಿಡಿದು ನಿಲ್ಲಿಸುತ್ತವೆ. ಸತ್ತ ಅಂಗಾಂಶದಲ್ಲಿ ಆ ಕಾವಲು ಇರುವುದಿಲ್ಲ, ಮಡಿಕೆ ಬಿಚ್ಚಿಕೊಂಡ ಪ್ರೋಟೀನ್ ಬೇಗ ತುಂಡಾಗುತ್ತದೆ. ಔಷಧದಲ್ಲಿ ಪಪೇನ್ ಜೊತೆಗೆ ಯೂರಿಯಾ ಸೇರಿಸುವುದು ಇದಕ್ಕಾಗಿ: ಯೂರಿಯಾ ಪ್ರೋಟೀನ್‌ನ ಮಡಿಕೆಗಳನ್ನು ಬಿಡಿಸುತ್ತದೆ, ಪಪೇನ್ ಕತ್ತರಿಸುತ್ತದೆ. ಆದರೆ ಕಿಣ್ವದ ಪ್ರಮಾಣ ಹೆಚ್ಚಾದರೆ ಕಾವಲು ಸೋಲುತ್ತದೆ. ಹಸಿ ಪಪ್ಪಾಯಿ ಕಾಯಿಯ ಹಾಲನ್ನು ಬರಿಗೈಯಲ್ಲಿ ಬಹಳ ಹೊತ್ತು ಮುಟ್ಟುವವರ ಬೆರಳ ತುದಿ ಸುಲಿಯುವುದು ಇದೇ ಕಾರಣದಿಂದ.

## ಒಂದೊಂದು ಗಿಡದ ಸಂಗತಿ

ಪಪ್ಪಾಯಿ ಹಾಲಿನಿಂದ ಔಷಧ ಹೇಗೆ ಮಾಡುತ್ತಾರೆ? ನಮ್ಮ ತೋಟದಲ್ಲೂ ತೆಗೆಯಬಹುದೇ?

ತೆಗೆಯುವ ವಿಧಾನ ಸರಳ, ಶಿಸ್ತು ಮಾತ್ರ ಕಠಿಣ. ಎರಡೂವರೆಯಿಂದ ಮೂರು ತಿಂಗಳಿನ ಹಸಿರು ಕಾಯಿಯನ್ನು ಮರದಲ್ಲಿರುವಾಗಲೇ ಆರಿಸುತ್ತಾರೆ. ಬೆಳಿಗ್ಗೆ ಹತ್ತು ಗಂಟೆಯೊಳಗೆ, ಸ್ಟೀಲ್ ಬ್ಲೇಡಿನಿಂದ ಕಾಯಿಯ ಉದ್ದಕ್ಕೆ ನಾಲ್ಕು ಗೀರು ಹಾಕುತ್ತಾರೆ. ಗೀರಿನ ಆಳ 3 ಮಿಲಿಮೀಟರ್ ಮೀರಬಾರದು. ಬಿಸಿಲೇರಿದ ಮೇಲೆ ಹಾಲಿನ ಹರಿವು ಕುಗ್ಗುತ್ತದೆ. ಮೂರು ನಾಲ್ಕು ದಿನ ಬಿಟ್ಟು ಹಳೆಯ ಗೀರುಗಳ ನಡುವೆ ಹೊಸ ಗೀರು ಹಾಕುತ್ತಾರೆ. ಹೀಗೆ ನಾಲ್ಕು ಬಾರಿ. ಕಬ್ಬಿಣ ತಾಗಿದರೆ ಹಾಲಿನ ಬಣ್ಣವೂ ಕಿಣ್ವದ ಶಕ್ತಿಯೂ ಕೆಡುತ್ತವೆ. ಸ್ವಲ್ಪ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಬೆರೆಸಿ, 50ರಿಂದ 55 ಡಿಗ್ರಿ ಸೆಲ್ಸಿಯಸ್ ಒಳಗೆ ಒಣಗಿಸಿ ಪುಡಿ ಮಾಡುತ್ತಾರೆ. ಕೊಯಮತ್ತೂರಿನ ಸಿಒ-2, ಸಿಒ-5 ತಳಿಗಳು ಇದಕ್ಕೆ ಹೆಸರಾದವು. ಗೀರು ಬಿದ್ದ ಕಾಯಿಯ ತಿರುಳಿಗೆ ಏನೂ ಆಗುವುದಿಲ್ಲ; ಅದು ಟೂಟಿ ಫ್ರೂಟಿಗೆ ಹೋಗುತ್ತದೆ.

ಈ ಪುಡಿ ಕಚ್ಚಾ ಪಪೇನ್. ಮಾಂಸ ಮೆದುಗೊಳಿಸಲು, ಬಿಯರ್ ತಿಳಿಗೊಳಿಸಲು, ಚರ್ಮ ಹದ ಮಾಡಲು ಇದನ್ನು ಕೊಳ್ಳುತ್ತಾರೆ. ಔಷಧಕ್ಕೆ ಬಳಸುವ ಮುನ್ನ ಶುದ್ಧೀಕರಿಸಿ, ಸೂಕ್ಷ್ಮಜೀವಿಗಳಿಲ್ಲವೆಂದು ಖಚಿತಪಡಿಸಿ, ಕಿಣ್ವದ ಶಕ್ತಿಯನ್ನು ಅಳೆದು ಸರಿಹೊಂದಿಸಬೇಕು. ತೋಟದಲ್ಲಿ ಒಣಗಿಸಿದ ಪುಡಿಯನ್ನು ಗಾಯಕ್ಕೆ ಹಾಕುವ ಮಾತೇ ಇಲ್ಲ.

ಅಮೆರಿಕದಲ್ಲಿ ಪಪೇನ್ ಮುಲಾಮನ್ನು ನಿಲ್ಲಿಸಿದರಂತೆ. ಹಾಗಾದರೆ ಅದು ಅಪಾಯವೇ?

2008ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅನುಮೋದನೆಯಿಲ್ಲದೆ ಮಾರಾಟವಾಗುತ್ತಿದ್ದ ಪಪೇನ್ ಮುಲಾಮುಗಳನ್ನು ನಿಲ್ಲಿಸುವಂತೆ ತಯಾರಕರಿಗೆ ಸೂಚಿಸಿತು. ಕೆಲವು ರೋಗಿಗಳಲ್ಲಿ ತೀವ್ರ ಅಲರ್ಜಿ, ರಕ್ತದೊತ್ತಡ ಕುಸಿತ, ಹೃದಯದ ಬಡಿತ ಏರಿಕೆ ವರದಿಯಾಗಿದ್ದವು. ಆ ಮುಲಾಮುಗಳು ದಶಕಗಳಿಂದ ಬಳಕೆಯಲ್ಲಿದ್ದರೂ ಸುರಕ್ಷತೆ ಮತ್ತು ಪರಿಣಾಮವನ್ನು ಈಗಿನ ಮಾನದಂಡದಂತೆ ಸಾಬೀತುಪಡಿಸಿರಲಿಲ್ಲ. ಭಾರತದಲ್ಲಿ ಪಪೇನ್-ಯೂರಿಯಾ ಮುಲಾಮು ಈಗಲೂ ಸಿಗುತ್ತದೆ. ಸತ್ತ ಅಂಗಾಂಶ ಅಂಟಿಕೊಂಡಿರುವ ಹುಣ್ಣಿಗೆ ವೈದ್ಯರು ನೋಡಿ, ಅಲರ್ಜಿಯ ಇತಿಹಾಸ ಕೇಳಿ, ಇಷ್ಟು ದಿನ ಎಂದು ಬರೆದುಕೊಟ್ಟಾಗ ಅದಕ್ಕೊಂದು ಸ್ಥಾನವಿದೆ ಎಂಬುದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಕೇಳಿ ತಂದು ಹಚ್ಚಿಕೊಳ್ಳುವ ವಸ್ತು ಅದಲ್ಲ.

ಇದೇ ತತ್ತ್ವದ ಮೇಲೆ ಮುಂದೆ ಬಂದ ಉದಾಹರಣೆಯೊಂದಿದೆ. ಅನಾನಸ್ ಕಾಂಡದ ಕಿಣ್ವಗಳಿಂದ ಮಾಡಿದ ನೆಕ್ಸೋಬ್ರಿಡ್ ಎಂಬ ಔಷಧ, ಆಳವಾದ ಸುಟ್ಟ ಗಾಯದ ಸತ್ತ ಪದರವನ್ನು ತೆಗೆಯಲು ಯುರೋಪಿನಲ್ಲಿ 2012ರಲ್ಲೂ ಅಮೆರಿಕದಲ್ಲಿ 2022ರಲ್ಲೂ ಅನುಮೋದನೆ ಪಡೆಯಿತು. ಅನಾನಸ್ ಹಾಲಿನ ಗಿಡವಲ್ಲ, ಆದರೆ ಅದರ ಕಿಣ್ವ ಪಪೇನ್‌ನ ಹತ್ತಿರದ ನೆಂಟ. ಶುದ್ಧೀಕರಣ, ಪ್ರಮಾಣ, ಮನುಷ್ಯರ ಮೇಲಿನ ಪರೀಕ್ಷೆ ಮೂರನ್ನೂ ದಾಟಿದರೆ ಸಸ್ಯದ ಕಿಣ್ವ ಆಸ್ಪತ್ರೆ ತಲುಪಬಲ್ಲದು.

ಕಳ್ಳಿ ಹಾಲಿನ ದಾರದಿಂದ ಭಗಂದರ (ಗುದದ್ವಾರದ ಬಳಿ ಆಗುವ ಕೊಳವೆಯಂಥ ಹುಣ್ಣು) ಗುಣವಾಗುತ್ತದೆ ಎಂಬುದು ನಿಜವೇ?

ಹೌದು. ಸಸ್ಯಹಾಲಿನ ಸಾಂಪ್ರದಾಯಿಕ ಬಳಕೆಗಳಲ್ಲಿ ಮನುಷ್ಯರ ಮೇಲೆ ಸರಿಯಾಗಿ ಪರೀಕ್ಷೆಗೆ ಒಳಗಾದ ಅತ್ಯುತ್ತಮ ಉದಾಹರಣೆ ಇದೇ. ಆಯುರ್ವೇದದಲ್ಲಿ ಕ್ಷಾರಸೂತ್ರ ಎನ್ನುವ ಈ ದಾರದ ಚಿಕಿತ್ಸೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ವ್ಯವಸ್ಥಿತಗೊಳಿಸಿದವರು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಶಲ್ಯತಂತ್ರ (ಆಯುರ್ವೇದ ಶಸ್ತ್ರಚಿಕಿತ್ಸೆ) ವಿಭಾಗದವರು. ಗಟ್ಟಿಯಾದ ನಾರಿನ ದಾರಕ್ಕೆ ಎಲೆಗಳ್ಳಿಯ ಹಾಲನ್ನು ಸವರಿ ಒಣಗಿಸುತ್ತಾರೆ. ಹೀಗೆ ಹನ್ನೊಂದು ಬಾರಿ. ಆಮೇಲೆ ಹಾಲಿನ ಜೊತೆ ಉತ್ತರಾಣಿಯ ಕ್ಷಾರ ಸೇರಿಸಿ ಏಳು ಬಾರಿ, ಕೊನೆಗೆ ಹಾಲು ಮತ್ತು ಅರಿಸಿನ ಮೂರು ಬಾರಿ. ಒಟ್ಟು ಇಪ್ಪತ್ತೊಂದು ಲೇಪ. ಈ ದಾರವನ್ನು ಭಗಂದರದ ಕೊಳವೆಯೊಳಗೆ ಹಾಯಿಸಿ ಕಟ್ಟಿ, ವಾರಕ್ಕೊಮ್ಮೆ ಬದಲಿಸುತ್ತಾರೆ. ಕ್ಷಾರ ಕೊಳವೆಯನ್ನು ನಿಧಾನವಾಗಿ ಕತ್ತರಿಸುತ್ತಾ ಹೋದಂತೆ ಹಿಂದಿನಿಂದ ಗಾಯ ಮಾಯುತ್ತಾ ಬರುತ್ತದೆ. ಕಳ್ಳಿಯ ಹಾಲು ಇಲ್ಲಿ ಕ್ಷಾರವನ್ನು ದಾರಕ್ಕೆ ಹಿಡಿದಿಡುವ ಅಂಟೂ ಹೌದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಕೇಂದ್ರಗಳಲ್ಲಿ ನಡೆಸಿ 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕ್ಷಾರಸೂತ್ರ ಪಡೆದವರಲ್ಲಿ ಶೇ 4ರಷ್ಟು ಜನರಿಗೆ, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ 11ರಷ್ಟು ಜನರಿಗೆ ರೋಗ ಮರುಕಳಿಸಿತು. ಗುಣವಾಗಲು ಮಾತ್ರ ದಾರಕ್ಕೆ ಸುಮಾರು 8 ವಾರ ಬೇಕಾಯಿತು, ಶಸ್ತ್ರಚಿಕಿತ್ಸೆಗೆ 4 ವಾರ. ಎರಡರ ಲಾಭನಷ್ಟ ರೋಗಿಯ ಮುಂದೆ ಸ್ಪಷ್ಟವಾಗಿದೆ. ಇಂಥ ಪ್ರಾಮಾಣಿಕ ಹೋಲಿಕೆ ನಮ್ಮ ಇನ್ನಷ್ಟು ಮದ್ದುಗಳಿಗೆ ಸಿಗಬೇಕೆಂಬುದು ನನ್ನ ಬಹುದಿನದ ಆಸೆ. ಇದನ್ನು ಮಾಡಬೇಕಾದವರು ತರಬೇತಿ ಪಡೆದ ಶಲ್ಯತಂತ್ರ ವೈದ್ಯರು. ಊರಿನ ಫಲಕಗಳಲ್ಲಿ ಕಾಣುವ ‘ಒಂದೇ ದಿನದಲ್ಲಿ ಮೂಲವ್ಯಾಧಿ ಮಾಯ’ ಎಂಬವರಲ್ಲ.

‘ಡ್ರ್ಯಾಗನ್ ರಕ್ತ’ ಎಂದು ಮಾರುವ ಕೆಂಪು ಹನಿ ಏನು?

ಆ ಹೆಸರಿನಲ್ಲಿ ಹಲವು ಮರಗಳ ರಾಳಗಳೂ ಮಾರಾಟವಾಗುತ್ತವೆ. ಗಾಯದ ಸಂಶೋಧನೆಯಲ್ಲಿ ಹೆಸರಾದದ್ದು ಪೆರು, ಈಕ್ವೆಡಾರ್‌ಗಳ ಅಮೆಜಾನ್ ಕಾಡಿನ ಕ್ರೋಟಾನ್ ಲೆಕ್ಲೆರಿ ಮರದ ಕೆಂಪು ಹಾಲು. ಅಲ್ಲಿನ ಜನ ಅದನ್ನು ಗಾಯಕ್ಕೆ ಹಚ್ಚುತ್ತಾರೆ. ಒಣಗಿದ ಮೇಲೆ ಗಾಢ ಬಣ್ಣದ ಪೊರೆ ಕಟ್ಟುತ್ತದೆ. 1989ರಲ್ಲಿ ಪೆರುವಿನ ವಿಜ್ಞಾನಿಗಳು ಅದರಲ್ಲಿನ ಟ್ಯಾಸ್ಪೀನ್ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಗಾಯದ ಕಡೆಗೆ ಚಲಿಸುವಂತೆ ಮಾಡುತ್ತದೆಂದು ತೋರಿಸಿದರು. ಕೆಲವು ವರ್ಷಗಳ ನಂತರ ಬೆಲ್ಜಿಯಂನ ತಂಡವೊಂದು ಇಲಿಗಳಲ್ಲಿ ನೋಡಿದ್ದು ಇನ್ನೂ ಸೂಕ್ಷ್ಮವಾಗಿತ್ತು: ಬೇರ್ಪಡಿಸಿದ ಒಂದು ಸಂಯುಕ್ತಕ್ಕಿಂತ ಇಡೀ ಹಾಲು ಹೆಚ್ಚು ಪರಿಣಾಮಕಾರಿ. ಕಾರಣ, ಹಾಲಿನ ಟ್ಯಾನಿನ್ ಜಾತಿಯ ಅಂಶ ಪ್ರೋಟೀನ್‌ಗಳನ್ನು ಗಟ್ಟಿಗೊಳಿಸಿ ಗಾಯದ ಮೇಲೆ ಹಕ್ಕಳೆ ಕಟ್ಟಿಸಿ, ಗಾಯ ಕುಗ್ಗುವಂತೆ ಮಾಡುತ್ತದೆ. ಆದರೆ ಅದೇ ಅಂಶ ಹೊಸ ಫೈಬ್ರೊಬ್ಲಾಸ್ಟ್‌ಗಳ ಹುಟ್ಟನ್ನು ನಿಧಾನಿಸುತ್ತದೆ.

ಈ ಹಾಲಿನಿಂದ ಔಷಧವೊಂದು ಬಂದಿದೆ, ಗಾಯಕ್ಕಲ್ಲ. ಕ್ರೋಫೆಲೆಮರ್ ಎಂಬ ಅದು, ಎಚ್‌ಐವಿ ಚಿಕಿತ್ಸೆಯಲ್ಲಿರುವವರ ಸೋಂಕಿನಿಂದಲ್ಲದ ಅತಿಸಾರಕ್ಕೆ 2012ರ ಕೊನೆಯ ದಿನ ಅಮೆರಿಕದಲ್ಲಿ ಅನುಮೋದನೆ ಪಡೆಯಿತು.

ಸುಳ್ಯ, ಪುತ್ತೂರಿನಲ್ಲಿ ಇಷ್ಟೊಂದು ರಬ್ಬರ್ ಇದೆ. ಆ ಹಾಲಿನಿಂದ ಗಾಯದ ಪಟ್ಟಿ ಮಾಡಬಹುದೇ?

ಬ್ರೆಜಿಲ್‌ನಲ್ಲಿ ಮಾಡಿದ್ದಾರೆ. ಸಾವೊ ಪಾಲೊ ವಿಶ್ವವಿದ್ಯಾನಿಲಯದ ರಿಬೆರಾವ್ ಪ್ರೆಟೊ ವೈದ್ಯಕೀಯ ಶಾಲೆಯಲ್ಲಿ 1990ರ ದಶಕದಿಂದ ರಬ್ಬರ್ ಹಾಲಿನ ತೆಳು ಪೊರೆಯನ್ನು ಮಾಯದ ಹುಣ್ಣುಗಳ ಮೇಲೆ ಪರೀಕ್ಷಿಸಿದರು. ಹೊಸ ರಕ್ತನಾಳಗಳು ಬೆಳೆಯಲು ಅದು ನೆರವಾಗುವುದನ್ನು ಕಂಡರು. ಅದೇ ಸಂಶೋಧನೆಯಿಂದ ‘ಬಯೋಕ್ಯೂರ್’ ಎಂಬ ಪಟ್ಟಿ ಮಾರುಕಟ್ಟೆಗೂ ಬಂದಿತು. ನಮ್ಮ ತೋಟಗಳಿಂದ ಕಾರ್ಖಾನೆಗೆ ಹೋಗುವ ಹಾಲು ಬೇರೆ: ಕೆಡದಿರಲೆಂದು ಅಮೋನಿಯಾ ಸೇರಿಸಿರುತ್ತಾರೆ, ಶೀಟ್ ಮಾಡುವಾಗ ಆಮ್ಲ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಅದು ಗಾಯದ ಹತ್ತಿರವೂ ಬರಬಾರದು. ಕರಾವಳಿಯ ಯಾವುದಾದರೂ ಎಂಜಿನಿಯರಿಂಗ್ ಅಥವಾ ವೈದ್ಯಕೀಯ ಕಾಲೇಜು ಅಮೋನಿಯಾ ಇಲ್ಲದ ಹಾಲಿನೊಂದಿಗೆ ಈ ಕೆಲಸ ಕೈಗೆತ್ತಿಕೊಂಡರೆ ಕಚ್ಚಾವಸ್ತು ಮನೆಬಾಗಿಲಲ್ಲೇ ಇದೆ.

## ಎಚ್ಚರಿಕೆ

ಎಕ್ಕದ ಹೂವು ಕೀಳುವಾಗ ಹಾಲು ಕಣ್ಣಿಗೆ ಸಿಡಿಯಿತು. ಉರಿಯೇನೂ ಇಲ್ಲ. ಸುಮ್ಮನಿರಬಹುದೇ?

ಸುಮ್ಮನಿರಬೇಡಿ. ಎಕ್ಕದ ಹಾಲಿನ ಅಪಾಯ ಇರುವುದೇ ಇಲ್ಲಿ. ನೋವು ಕಡಿಮೆ ಇರುವುದರಿಂದ ಜನ ಕಡೆಗಣಿಸುತ್ತಾರೆ. ಕೆಲವು ಗಂಟೆಗಳಲ್ಲಿ ದೃಷ್ಟಿ ಮಂಜಾಗುತ್ತದೆ. ಹಾಲಿನ ವಿಷ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಒಳಪದರದವರೆಗೂ ಇಳಿದು ಅಲ್ಲಿ ಊತ ತರುತ್ತದೆ. ಆ ಪದರದ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಕೂಡಲೇ ಶುದ್ಧ ನೀರಿನಿಂದ ಹದಿನೈದು ಇಪ್ಪತ್ತು ನಿಮಿಷ ಕಣ್ಣನ್ನು ತೊಳೆಯಿರಿ, ಅದೇ ದಿನ ನೇತ್ರವೈದ್ಯರನ್ನು ಕಾಣಿರಿ. ಹರಳೆಣ್ಣೆ, ಎದೆಹಾಲು ಏನನ್ನೂ ಹಾಕಬೇಡಿ. ಆಂಜನೇಯನಿಗೆ, ಗಣಪತಿಗೆ ಎಕ್ಕದ ಹಾರ ಕಟ್ಟುವವರು ಹೂವು ಬಿಡಿಸಿದ ಕೈಯಿಂದ ಕಣ್ಣು ಉಜ್ಜಿಕೊಳ್ಳದಿರಲಿ, ಮಕ್ಕಳ ಕೈಗೆ ಕೊಂಬೆ ಕೊಡದಿರಲಿ. ಕಳ್ಳಿಯ ಹಾಲು ಸಿಡಿದರೂ ಇದೇ ಕ್ರಮ. ಅದರ ಉರಿ ಮಾತ್ರ ತಕ್ಷಣ ತಿಳಿಯುತ್ತದೆ.

ನಾಯಿ ಕಚ್ಚಿದ ಜಾಗಕ್ಕೆ ಎಕ್ಕದ ಹಾಲು ಹಚ್ಚಿದರೆ ವಿಷ ಏರುವುದಿಲ್ಲ ಎಂದು ಅಜ್ಜ ಹೇಳುತ್ತಾರೆ.

ಅಜ್ಜನವರ ಮೇಲಿನ ಗೌರವದಿಂದಲೇ ಹೇಳುತ್ತೇನೆ: ದಯವಿಟ್ಟು ಹಚ್ಚಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅತ್ಯಂತ ಅಪರೂಪ. ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆಯಬೇಕು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯ ಸರಣಿ ಆರಂಭಿಸಬೇಕು. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು. ಹಾಲು, ಸುಣ್ಣ, ಮೆಣಸಿನಪುಡಿ ಯಾವುದನ್ನು ಹಚ್ಚಿದರೂ ಅಂಗಾಂಶ ಕೆರಳುತ್ತದೆ, ತೊಳೆಯುವುದೂ ತಡವಾಗುತ್ತದೆ. ಈ ಪುಟದಲ್ಲಿ ಒಂದೇ ಉತ್ತರವನ್ನು ಊರಿನವರಿಗೆ ಓದಿ ಹೇಳುವುದಾದರೆ ಇದನ್ನು ಓದಿ.

ಕಾಲಿಗೆ ಮುಳ್ಳು ಚುಚ್ಚಿದರೆ ಎಕ್ಕದ ಹಾಲು ಹಚ್ಚುತ್ತೇವೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಅವರಿಗೂ ಹಚ್ಚಬಹುದೇ?

ಅವರಿಗೆ ಖಂಡಿತ ಬೇಡ. ಮಧುಮೇಹದಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರುತ್ತದೆ. ಹಾಲಿನಿಂದ ಚರ್ಮ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಪಾದದ ಚಿಕ್ಕ ಹುಣ್ಣು ಮೂಳೆಯವರೆಗೆ ಇಳಿದು ಬೆರಳು ತೆಗೆಯಬೇಕಾದ ಪ್ರಸಂಗಗಳು ಇಂಥ ನಿರ್ಲಕ್ಷ್ಯದಿಂದಲೇ ಆರಂಭವಾಗುತ್ತವೆ. ಯಾರಿಗೇ ಆಗಲಿ, ಮಣ್ಣಿನಲ್ಲಿ ಮುಳ್ಳು ಚುಚ್ಚಿದರೆ ಧನುರ್ವಾಯು ಲಸಿಕೆ ಯಾವಾಗ ಹಾಕಿಸಿದ್ದೆಂದು ನೆನಪಿಸಿಕೊಳ್ಳಿ. ಯಾವ ಗಿಡದ ಹಾಲೂ ಆ ಲಸಿಕೆಗೆ ಬದಲಿಯಲ್ಲ.

ನರಹುಲಿಗೆ ಅಂಜೂರ, ಅತ್ತಿ, ಕಳ್ಳಿಗಳ ಹಾಲು ಹಚ್ಚುತ್ತಾರಲ್ಲ?

ಅಂಜೂರದ ಹಾಲಿನ ಬಗ್ಗೆ ಸಣ್ಣ ಪುರಾವೆಯಿದೆ. ಇರಾನಿನಲ್ಲಿ 25 ಜನರ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಜೂರದ ಹಾಲಿನಿಂದ ಶೇ 44ರಷ್ಟು, ಹಿಮಚಿಕಿತ್ಸೆಯಿಂದ (ಅತಿ ಶೀತದಿಂದ ಸುಟ್ಟು ತೆಗೆಯುವುದು) ಶೇ 56ರಷ್ಟು ಪ್ರಕರಣಗಳಲ್ಲಿ ನರಹುಲಿ ಪೂರ್ತಿ ಹೋಯಿತು. ಅದನ್ನು ಕಳ್ಳಿಗೆ ಅನ್ವಯಿಸಬೇಡಿ. ಕಳ್ಳಿ ಕುಟುಂಬದ ಹಲವು ಗಿಡಗಳಲ್ಲಿ, ದೇಹದಲ್ಲಿ ಗಡ್ಡೆ (ಟ್ಯೂಮರ್) ಬೆಳೆಯಲು ಪ್ರಚೋದನೆ ಕೊಡುವ ಫಾರ್ಬಾಲ್ ಎಸ್ಟರ್‌ಗಳಿವೆ. ಅದೇ ಕುಟುಂಬದ ಯುಫೋರ್ಬಿಯಾ ಪೆಪ್ಲಸ್ ಎಂಬ ಕಳೆಗಿಡದ ಹಾಲಿನ ಇಂಜೆನಾಲ್ ಮೆಬುಟೇಟ್, ಬಿಸಿಲಿನಿಂದಾಗುವ ಚರ್ಮದ ಒರಟು ಕಲೆಗಳಿಗೆ 2012ರಲ್ಲಿ ಅಮೆರಿಕದಲ್ಲಿ ಔಷಧವಾಯಿತು. ಚರ್ಮದ ಕ್ಯಾನ್ಸರ್ ಭೀತಿಯಿಂದ 2020ರಲ್ಲಿ ಯುರೋಪಿನಲ್ಲಿ ಅದನ್ನು ಹಿಂಪಡೆಯಲಾಯಿತು.

ರಬ್ಬರ್ ಕೈಗವಸಿನಿಂದ ನನಗೆ ತುರಿಕೆಯಾಗುತ್ತದೆ. ಪಪ್ಪಾಯಿಗೂ ಇದಕ್ಕೂ ಸಂಬಂಧವಿದೆಯೇ?

ಇರಬಹುದು. ರಬ್ಬರ್ ಹಾಲಿನ ಪ್ರೋಟೀನ್‌ಗಳಿಗೆ ಅಲರ್ಜಿಯಿರುವ ಕೆಲವರಿಗೆ ಬಾಳೆ, ಬೆಣ್ಣೆಹಣ್ಣು, ಕಿವಿ, ಪಪ್ಪಾಯಿಗಳೂ ಆಗುವುದಿಲ್ಲ. ಪ್ರೋಟೀನ್‌ಗಳ ರಚನೆ ಹೋಲುತ್ತದೆ. ಶಸ್ತ್ರಚಿಕಿತ್ಸೆಗೆ, ಹಲ್ಲಿನ ವೈದ್ಯರಲ್ಲಿಗೆ ಹೋಗುವಾಗ ಇದನ್ನು ಮೊದಲೇ ತಿಳಿಸಿ.

## ವಿದ್ಯಾರ್ಥಿಗಳು ಮತ್ತು ಸಂಶೋಧಕರಿಂದ

ಇಲಿಗಳಲ್ಲಿ ಗಾಯ ಬೇಗ ಮಾಯಿತು ಎಂಬ ಪ್ರಬಂಧಗಳು ರಾಶಿ ರಾಶಿ ಇವೆ. ಔಷಧ ಮಾತ್ರ ಏಕೆ ಬರುವುದಿಲ್ಲ?

ಮೊದಲ ಕಾರಣ ಇಲಿಯ ಚರ್ಮ. ಇಲಿಯ ಚರ್ಮದಡಿಯಲ್ಲಿ ತೆಳುವಾದ ಸ್ನಾಯುಪದರವಿದೆ. ಅದು ಗಾಯವನ್ನು ಬೇಗ ಕುಗ್ಗಿಸಿ ಮುಚ್ಚುತ್ತದೆ. ಮನುಷ್ಯನ ಗಾಯ ಮುಖ್ಯವಾಗಿ ಹೊಸ ಅಂಗಾಂಶ ತುಂಬಿ, ಮೇಲ್ಪದರ ಬೆಳೆದು ಮಾಯುತ್ತದೆ. ‘ಗಾಯದ ವಿಸ್ತೀರ್ಣ ಇಷ್ಟು ಕಡಿಮೆಯಾಯಿತು’ ಎಂಬ ಅಂಕಿಯನ್ನು ನೇರವಾಗಿ ಮನುಷ್ಯನಿಗೆ ಹೊಂದಿಸಲಾಗದು. ಎರಡನೆಯದು, ಆ ಇಲಿಗಳು ಎಳೆಯವು, ಆರೋಗ್ಯವಂತವು. ಔಷಧ ಬೇಕಿರುವುದು ರಕ್ತಸಂಚಾರ ಕುಂದಿದ ವಯಸ್ಸಾದವರ ಹುಣ್ಣಿಗೆ. ಮೂರನೆಯದು ಹಣ. ಬೇಲಿಯಲ್ಲಿ ಬೆಳೆಯುವ ಗಿಡಕ್ಕೆ ಪೇಟೆಂಟ್ ಸಿಗುವುದು ಕಷ್ಟ, ಹಾಗಾಗಿ ದೊಡ್ಡ ಪರೀಕ್ಷೆಗೆ ಖರ್ಚು ಮಾಡುವ ಕಂಪನಿಗಳು ಕಡಿಮೆ. ಸರಕಾರಿ ಸಂಸ್ಥೆಗಳೇ ಇಲ್ಲಿ ಮುಂದೆ ಬರಬೇಕು. ಕ್ಷಾರಸೂತ್ರದ ಪರೀಕ್ಷೆ ಅದಕ್ಕೆ ಮಾದರಿ.

ಹಾಲಿನಿಂದ ಬೆಳ್ಳಿಯ ನ್ಯಾನೊಕಣ ಮಾಡಿ ಗಾಯಕ್ಕೆ ಬಳಸುವ ಪ್ರಬಂಧಗಳು ಹೆಚ್ಚುತ್ತಿವೆ. ಇದರಲ್ಲಿ ಹುರುಳಿದೆಯೇ?

ಬೆಳ್ಳಿಗೆ ಸೂಕ್ಷ್ಮಜೀವಿ ಕೊಲ್ಲುವ ಗುಣವಿದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಪಪೇನ್‌ನಂಥ ಕಿಣ್ವಗಳ ಕತ್ತರಿಸುವ ಸ್ಥಾನದಲ್ಲಿ ಗಂಧಕ ಇದೆ. ಬೆಳ್ಳಿ, ಪಾದರಸ, ಸೀಸದ ಅಯಾನುಗಳು ಅದಕ್ಕೆ ಅಂಟಿ ಕಿಣ್ವವನ್ನು ಕೊಲ್ಲುತ್ತವೆ. ಕಾಣುವ ಪರಿಣಾಮ ಬೆಳ್ಳಿಯದೋ ಹಾಲಿನದೋ ಎಂದು ತೋರಿಸಲು ಬರೀ ಬೆಳ್ಳಿಯ ಗುಂಪನ್ನೂ ಜೊತೆಗಿಡಬೇಕು. ಆ ಗುಂಪು ಇಲ್ಲದ ಪ್ರಬಂಧವನ್ನು ನಾನು ಪಕ್ಕಕ್ಕಿಡುತ್ತೇನೆ. ಇದಕ್ಕಿಂತ ಭರವಸೆ ಕಾಣುವುದು ಬ್ರೆಜಿಲ್‌ನ ಫೋರ್ಟಲೇಜಾದ ಸಂಶೋಧಕರ ದಾರಿಯಲ್ಲಿ. ಅವರು ಎಕ್ಕದ ಹತ್ತಿರದ ಪ್ರಭೇದದ ಹಾಲಿನಿಂದ ರಬ್ಬರನ್ನೂ ಸಣ್ಣ ಅಣುಗಳ ವಿಷಗಳನ್ನೂ ತೆಗೆದು, ಪ್ರೋಟೀನ್‌ಗಳನ್ನಷ್ಟೇ ಪಾಲಿವಿನೈಲ್ ಆಲ್ಕೋಹಾಲ್ ಪೊರೆಯಲ್ಲಿ ಸೇರಿಸಿ ಗಾಯದ ಮೇಲೆ ಪರೀಕ್ಷಿಸಿದ್ದಾರೆ.

ಮೇಡಂ, ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಸಸ್ಯಹಾಲು ತೆಗೆದುಕೊಂಡಿದ್ದೇನೆ. ಎಲ್ಲಿಂದ ಆರಂಭಿಸಲಿ?

ಗಿಡದ ಗುರುತಿನಿಂದ. ಹೂವಿರುವ ಮಾದರಿಯನ್ನು ಒಣಗಿಸಿ, ಸಸ್ಯವಿಜ್ಞಾನ ವಿಭಾಗದಲ್ಲಿ ಹೆಸರು ಖಚಿತಪಡಿಸಿಕೊಂಡು, ಹರ್ಬೇರಿಯಂ (ಒಣಗಿಸಿದ ಸಸ್ಯಗಳ ಸಂಗ್ರಹ) ಸಂಖ್ಯೆ ಪಡೆಯಿರಿ. ಬಿಳಿ ಎಕ್ಕ, ನೇರಳೆ ಎಕ್ಕ ಎಂದು ಬಣ್ಣ ಬರೆದರೆ ಸಾಲದು. ನಮ್ಮಲ್ಲಿ ಎಕ್ಕದ ಎರಡು ಪ್ರಭೇದಗಳಿವೆ.

ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಬೆಳಗಿನ ಹೊತ್ತು, ಮಂಜುಗಡ್ಡೆಯ ಮೇಲಿಟ್ಟ ನಳಿಕೆಯಲ್ಲಿ ಬಫರ್ ಹಾಕಿಕೊಂಡು ಅದಕ್ಕೇ ಹಾಲು ಹನಿಸಿಕೊಳ್ಳಿ. ತಡಮಾಡಿದರೆ ಕಿಣ್ವಗಳು ತಮ್ಮನ್ನು ತಾವೇ ಕತ್ತರಿಸಿಕೊಳ್ಳುತ್ತವೆ, ರಬ್ಬರ್ ಗಟ್ಟಿಯಾಗಿ ಪ್ರೋಟೀನನ್ನು ಎಳೆದುಕೊಳ್ಳುತ್ತದೆ. ತಂಪು ಸೆಂಟ್ರಿಫ್ಯೂಜ್‌ನಲ್ಲಿ ರಬ್ಬರ್ ಬೇರ್ಪಡಿಸಿ, ಮೇಲಿನ ತಿಳಿಯನ್ನು ಡಯಾಲಿಸಿಸ್‌ಗೆ (ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಪೊರೆಯ ಚೀಲದಲ್ಲಿ) ಇಡಿ. ಸಣ್ಣ ಅಣುಗಳ ವಿಷಗಳಲ್ಲಿ ಹೆಚ್ಚಿನವು ಅಲ್ಲಿ ಹೊರಹೋಗುತ್ತವೆ. ತಿಂಗಳು, ಮಳೆ, ಗಿಡದ ವಯಸ್ಸು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ, ಏಕೆಂದರೆ ಬೇಸಿಗೆಯ ಹಾಲು ಮಳೆಗಾಲದ ಹಾಲಿನಂತೆ ಇರುವುದಿಲ್ಲ.

ಹಸುವಿನ ಹಾಲಿನ ಪ್ರೋಟೀನಾದ ಕೇಸೀನ್ ಕರಗಿಸುವ ಪರೀಕ್ಷೆಯಿಂದ ಕಿಣ್ವದ ಶಕ್ತಿ ಅಳೆಯಿರಿ. ಇ-64 ಎಂಬ ಕಿಣ್ವ ತಡೆಯುವ ರಾಸಾಯನಿಕ ಸೇರಿಸಿದಾಗ ಶಕ್ತಿ ಹೋದರೆ ಅದು ಪಪೇನ್ ಗುಂಪಿನದು. ಪಿಎಂಎಸ್‌ಎಫ್ ಎಂಬ ಇನ್ನೊಂದು ತಡೆವಸ್ತು ಸೇರಿಸಿದಾಗ ಹೋದರೆ ಬಹುಶಃ ಸೆರೀನ್ ಎಂಬ ಬೇರೆ ಗುಂಪಿನದು. ಆಮೇಲೆ ಪ್ಲಾಸ್ಮಾದಲ್ಲಿ ಹೆಪ್ಪುಗಟ್ಟುವ ಸಮಯವನ್ನು ಕನಿಷ್ಠ ಆರು ಪ್ರಮಾಣಗಳಲ್ಲಿ ನೋಡಿ. ಒಂದೇ ಪ್ರಮಾಣದಲ್ಲಿ ನೋಡಿದರೆ ಮರಹರಳಿನಂಥ ಹಾಲು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಕೋಶಗಳ ಮೇಲಿನ ವಿಷಪರೀಕ್ಷೆ ಮುಗಿಯುವವರೆಗೆ ಪ್ರಾಣಿಗಳ ಕಡೆ ಹೋಗಬೇಡಿ. ಹೋಗಬೇಕಾದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ನಾಟಿ ವೈದ್ಯರಿಂದ ತಿಳಿದು ಆರಿಸಿದ ಗಿಡವಾದರೆ ಅವರ ಅನುಮತಿ ಪಡೆದು, ಅವರ ಹೆಸರನ್ನು ಪ್ರಬಂಧದಲ್ಲಿ ಸೇರಿಸಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿ ಮಟ್ಟದಲ್ಲಿ ಇಂಥ ಜ್ಞಾನವನ್ನು ದಾಖಲಿಸುವ ಜನತಾ ಜೀವವೈವಿಧ್ಯ ದಾಖಲಾತಿ ಇದೆ. ನಿಮ್ಮ ಗಿಡ ಅದರಲ್ಲಿ ಬರೆದಿದೆಯೇ ಎಂದು ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿ, ಇಲ್ಲದಿದ್ದರೆ ಆ ವೈದ್ಯರನ್ನೇ ಕರೆದುಕೊಂಡು ಹೋಗಿ ಬರೆಸಿ.